ಅರೆಕ್ಷಣ ಹಿಂದೆ

ಬಾಡಿಗೆ ಕರಾರಿನಲ್ಲಿ ಬರೆದದ್ದು ಇಷ್ಟೇ:
ಕೋಣೆ ಎರಡು, ಅಡಿಗೆಮನೆ ಒಂದು,
ಬೋರಾ ಗಾಳಿಯ ದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಕೂಡದು.
ದನಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಒಂದೀನಾ ಬಂದದ್ದು ಅಕ್ಟೋಬರಿನಲ್ಲಿ,
ಒಂದು ಸೂಟ್‌ಕೇಸು, ಕುತ್ತಿಗೆಗೆ ಹೆಡ್‌ಫೋನು,
ದುಭಾಷಿಗಳ ಶಾಲೆಯ ಕೊನೆಯ ವರ್ಷ.
"ಕೇಳಿದ್ದನ್ನು ಕೇಳಿದ ಹಾಗೇ ಹೇಳಬೇಕು,
ಅರೆಕ್ಷಣ ಹಿಂದೆ, ಅಷ್ಟೇ.
ನಿನ್ನ ಮೇಲೆ ಅಭ್ಯಾಸ ಮಾಡಲೇ, ಫುಲ್ವಿಯಾ?"
ಮಾಡು ಅಂದೆ.
ಮಾಡು ಅಂದಳು.

ನಾನು ತ್ರಿಯೆಸ್ತೆ ಬಂದರಿನ ಗೋದಾಮಿನಲ್ಲಿ
ಕಾಫಿಬೀಜ ಆರಿಸುವವಳು.
ದಿನಕ್ಕೆ ಎಂಟು ಗಂಟೆ, ಕರಿಕಲು, ಹುಳುಕು, ಒಡಕು,
ಬಾಯಿ ತೆರೆಯುವ ಕೆಲಸವೇ ಅಲ್ಲ.
ನನ್ನ ಮಾತನ್ನು ಅಮ್ಮ ಅರ್ಧಕ್ಕೇ ಕತ್ತರಿಸುತ್ತಿದ್ದಳು.
ಗಂಡನಾಗಬೇಕಿದ್ದವನು ಪೂರ್ತಿ ಕೇಳಿಸಿಕೊಂಡು
ಏನಂದೆ ಅನ್ನುತ್ತಿದ್ದ.
ಈಗ ನೋಡಿ,
ಉಪ್ಪು ಮುಗಿದಿದೆ ಅಂದರೂ ಸಾಕು,
ಇನ್ನೊಂದು ನಾಲಗೆ ಅದನ್ನೆತ್ತಿಕೊಳ್ಳುತ್ತಿತ್ತು
ಹಸುಗೂಸನ್ನು ಎತ್ತಿಕೊಂಡ ಹಾಗೆ,
ಕುತ್ತಿಗೆಗೆ ಕೈಕೊಟ್ಟು.

ಡಿಸೆಂಬರಿಗೆ ನನ್ನ ಕೆಮ್ಮು ಕಲಿತಳು.
ವಾಕ್ಯದ ನಡುವೆ ನಾನು ಮೂಗೆಳೆಯುವುದನ್ನು ಕಲಿತಳು.
ಒಂದು ರಾತ್ರಿ ನಿದ್ದೆಯಲ್ಲಿ ಏನೋ ಬಡಬಡಿಸಿ
ಎಚ್ಚರಾದರೆ, ಗೋಡೆಯಾಚೆಯಿಂದ
ಅದೇ ಬಡಬಡಿಕೆ.
ಹೆದರಬೇಕಿತ್ತು, ನಿಜ.
ನಾನು ತಣ್ಣನೆ ಗೋಡೆಗೆ ಕೆನ್ನೆಯಿಟ್ಟು
ಇನ್ನೊಂದಷ್ಟು ಬಡಬಡಿಸಿದೆ.

ಆಮೇಲೆ ಫೆಬ್ರವರಿ. ಪರೀಕ್ಷೆ. ಪಾಸು.
ಹೆಡ್‌ಫೋನು ಡಬ್ಬಿ ಸೇರಿತು.
ಕಾಫಿ ಆರುತ್ತಿದೆ ಅಂದೆ.
"ಹೌದಾ, ಬಂದೆ" ಅಂದಳು
ಯಾವುದೋ ಹುಡುಗಿಯ ದನಿಯಲ್ಲಿ.
ಅದು ಅವಳದೇ ದನಿಯಂತೆ.
ನಾಲ್ಕು ತಿಂಗಳಲ್ಲಿ ನಾನದನ್ನು ಕೇಳಿಯೇ ಇರಲಿಲ್ಲ.

ಸಣ್ಣಪುಟ್ಟವು ಶುರುವಾದವು.
ಅವಳ ಫೋನಿನಲ್ಲಿ, ಅಲಾರಮ್ಮಿನ ಜಾಗದಲ್ಲಿ,
ನನ್ನ ದನಿ ತುಂಬಿಟ್ಟೆ.
ಬ್ರಸೆಲ್ಸಿನಿಂದ ಬಂದ ಕೆಲಸದ ಕಾಗದ
ಹಿಟ್ಟಿನ ಡಬ್ಬಿಯ ತಳಕ್ಕಿಳಿಯಿತು.
ಅವಳು ಸಿಟ್ಟಾಗಲಿಲ್ಲ, ಅದೇ ನನ್ನ ಸಿಟ್ಟು.
ಹಿಟ್ಟು ಕೊಡವಿ, ಕಾಗದ ಮಡಚಿ,
"ಪಾಪ, ಫುಲ್ವಿಯಾ" ಅಂದಳು.
ಬೈದಿದ್ದರೆ ಬೈಗುಳವಾದರೂ ಪರಿಚಯದ್ದಿರುತ್ತಿತ್ತು,
ನಾನೇ ಕಲಿಸಿದ್ದು, ನಮ್ಮ ಹಡಗುಕಟ್ಟೆಯದು.

ರಾತ್ರಿ ಗೊರೀಜಿಯಾದ ಅಕ್ಕನಿಗೆ ಅವಳು ಫೋನು ಮಾಡುವಾಗ
ಗೋಡೆಯೀಚೆ ನನ್ನ ತುಟಿಗಳು ಅಲ್ಲಾಡುತ್ತಿದ್ದವು.
ಇಲ್ಲ ಅಕ್ಕಾ, ಏನಿಲ್ಲ ಅಕ್ಕಾ,
ಬೇರೆ ಮನೆ ನೋಡಿದ್ದೇನೆ ಅಕ್ಕಾ.
ಕಷ್ಟವೇನಲ್ಲ. ಒಳಗೆ ಜಾಗ ಖಾಲಿಯಿದ್ದರೆ
ಯಾರ ದನಿಯಾದರೂ ಹಿಡಿಸುತ್ತದೆ.

ಇವತ್ತು ಬೋರಾ.
ಬೀದಿ ತಿರುವಿನಲ್ಲಿ ಹಿಡಿದು ನಡೆಯಲು ಹಗ್ಗ ಕಟ್ಟಿದ್ದಾರೆ.
ಕಸದ ತೊಟ್ಟಿಯೊಂದು ಚರ್ಚಿನತ್ತ ತಾನೇ ಹೊರಟಿದೆ.
ಕೆಳಮನೆಯ ಸಿನ್ಯೋರಾ ಕೊಸ್ಸುತ್ತಾ ಬಾಗಿಲು ತಟ್ಟಿದಳು.
"ಒಂದೀನಾ, ಹತ್ತು ಗಂಟೆಯ ರೈಲು ಅಂದಿದ್ದೆಯಲ್ಲ,
ಹೊರಟೆಯಾ ಮಗಳೇ?"
"ಹೊರಟೆ ಸಿನ್ಯೋರಾ, ಹಗ್ಗ ಹಿಡಿದೇ ಹೋಗ್ತೀನಿ,"
ಅಂದಿತು ಮುಚ್ಚಿದ ಬಾಗಿಲಿನ ಒಳಗಿಂದ
ಆ ಯಾವುದೋ ಹುಡುಗಿಯ ದನಿ.
ನನ್ನ ಬಾಯಿ ಒಣಗಿತ್ತು.

ಮುದುಕಿಯ ಚಪ್ಪಲಿ ಮೆಟ್ಟಿಲಿಳಿಯಿತು.
ಸೂಟ್‌ಕೇಸು ಹಜಾರದಲ್ಲೇ ಇದೆ, ಚಕ್ರ ಮೇಲಾಗಿ.
ಅವಳ ಕೋಣೆಯ ಕೀಲಿ ನನ್ನ ಜೇಬಿನಲ್ಲಿದೆ,
ನಿನ್ನೆ ಸಂಜೆಯಿಂದ.
ಎರಡು ಬಟ್ಟಲು ಇಟ್ಟಿದ್ದೇನೆ.
ಕಾಫಿ ಆರುತ್ತಿದೆ, ಅನ್ನುತ್ತೇನೆ ಬಾಗಿಲಿಗೆ.

ಅರೆಕ್ಷಣ.

ಗಾಜು ನಡುಗುತ್ತದೆ. ಗಾಳಿ, ಅಷ್ಟೇ.

ಮತ್ತೊಂದು ಅರೆಕ್ಷಣ.

ಇಷ್ಟು ಹಿಂದೆ ಬೀಳುವವಳಲ್ಲ ಅವಳು.